ಗೂಡಿನ ದುಡ್ಡು, ಗೇಮಿನ ಡೈಮಂಡು

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ನೀವು ನೋಡಿದ್ದೀರಾ? ನೋಡದಿದ್ದರೂ ಹೆಸರು ಕೇಳಿಯೇ ಇರುತ್ತೀರಿ. ಹಿಂದೆ ಅಲ್ಲಿ ಕೂಗಾಟದ ಹರಾಜು ನಡೆಯುತ್ತಿತ್ತು. ಈಗ ಇ-ಹರಾಜು. ರೈತ ತಂದ ಗೂಡಿನ ಲಾಟಿಗೆ ಒಂದು ನಂಬರು ಬೀಳುತ್ತದೆ, ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ಆಮೇಲೆ ತಮ್ಮ ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ. ರೈತನಿಗೆ ಹಣ ಬ್ಯಾಂಕ್ ಖಾತೆಗೆ ಹೋಗುತ್ತದೆ. ಓದು ಬರಹ ಅಷ್ಟಾಗಿ ಬಾರದ ನಮ್ಮ ಹಿರಿಯರೂ ಇದನ್ನು ಕಲಿತರು. ತಂತ್ರಜ್ಞಾನ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡದವರಿಗೆ ಮಾತ್ರ ಎಂದುಕೊಂಡಿದ್ದವರು ಒಮ್ಮೆ ಆ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ನೋಡಬೇಕು.

ಈ ತಿಂಗಳು ನಾನು ಹೇಳಬೇಕಾಗಿರುವುದು ಆ ಮೊಬೈಲ್ ಸಂಜೆ ಮನೆಗೆ ಬಂದ ಮೇಲಿನ ಕಥೆ.

ಮದುವೆಯೊಂದಕ್ಕೆಂದು ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗಿದ್ದೆ. ಉಳಿದುಕೊಂಡದ್ದು ದೂರದ ಸಂಬಂಧದ ಅಣ್ಣನ ಮನೆಯಲ್ಲಿ. ಮನೆಯ ಹಿಂದೆಯೇ ನೂಲು ಬಿಚ್ಚುವ ಶೆಡ್ಡು. ಬಿಸಿನೀರಿನಲ್ಲಿ ಬೆಂದ ಗೂಡಿನ ವಾಸನೆ ಅಲ್ಲಿ ಗೋಡೆಗೂ ಬಟ್ಟೆಗೂ ಹತ್ತಿರುತ್ತದೆ, ಎರಡು ದಿನ ಇದ್ದರೆ ನಮಗೂ ಹತ್ತುತ್ತದೆ. ನಾನು ಹೋದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತನಾಡುತ್ತಿರಲಿಲ್ಲ. ಒಂಬತ್ತನೇ ತರಗತಿಯ ಹುಡುಗ ಊಟಕ್ಕೂ ಬರದೆ ಒಳಕೋಣೆಯಲ್ಲಿ ಮಲಗಿದ್ದ. ರಾತ್ರಿ ಇಶಾ ಮುಗಿದ ಮೇಲೆ ಭಾಭಿ ಮೆಲ್ಲಗೆ ಬಾಯಿಬಿಟ್ಟರು. ಗೂಡು ಕೊಳ್ಳಲೆಂದು ಖಾತೆಯಲ್ಲಿ ಇಟ್ಟಿದ್ದ ದುಡ್ಡಿನಲ್ಲಿ ಆರು ಸಾವಿರ ಚಿಲ್ಲರೆ ಕಡಿಮೆ ಬಂದಿತ್ತಂತೆ. ಅಂದು ಬೆಳಿಗ್ಗೆ ಒಳ್ಳೆಯ ಲಾಟು ಕೈತಪ್ಪಿತ್ತು. ವಿಚಾರಿಸಿದರೆ ಹುಡುಗ ಗೇಮಿಗೆ ಹಾಕಿದ್ದ. ಅಪ್ಪನಿಂದ ಏಟು ಬಿದ್ದಿತ್ತು.

ರೀಲಿಂಗ್ ಕುಟುಂಬದವರಲ್ಲದ ಓದುಗರಿಗೆ ಆರು ಸಾವಿರದ ತೂಕ ಗೊತ್ತಾಗಲಿಕ್ಕಿಲ್ಲ. ಒಂದು ಕಿಲೋ ನೂಲು ತೆಗೆಯಲು ಆರೇಳು ಕಿಲೋ ಗೂಡು ಬೇಕು. ಗೂಡು ಕಿಲೋಗೆ ಐನೂರು ಎಂದಿಟ್ಟುಕೊಂಡರೂ ಐವತ್ತು ಕಿಲೋ ಲಾಟಿಗೆ 25,000 ರೂಪಾಯಿ ಮೊದಲೇ ಕೈಯಲ್ಲಿರಬೇಕು. ನೂಲು ಮಾರಿದ ಮೇಲೆ ಉಳಿಯುವುದು ಸ್ವಲ್ಪ. ಗೂಡಿಲ್ಲದ ದಿನ ಶೆಡ್ಡಿನಲ್ಲಿ ಕೂಲಿಗೆ ಬರುವ ಹೆಂಗಸರಿಗೂ ಕೆಲಸವಿಲ್ಲ.

'ಆಪಾ, ನೀವು ಇದನ್ನೆಲ್ಲ ಬರೆಯುತ್ತೀರಲ್ಲ, ಒಮ್ಮೆ ನೋಡಿ' ಎಂದು ಭಾಭಿ ಬ್ಯಾಂಕಿನಿಂದ ತಂದಿದ್ದ ಸ್ಟೇಟ್‌ಮೆಂಟ್ ನನ್ನ ಮುಂದಿಟ್ಟರು. ಒಂದು ವರ್ಷದ ಲೆಕ್ಕ. ಹುಡುಗನದು ಹನ್ನೊಂದು ಸಲದ ಪಾವತಿ. ಮೊದಲನೆಯದು 80 ರೂಪಾಯಿ. ಆಮೇಲೆ 240, ಮತ್ತೆ 80, ಆಮೇಲೆ 800. ಎಲ್ಲವೂ ರಾತ್ರಿಯದೇ. ಆಟದ ಹೆಸರು ಇಲ್ಲಿ ಬೇಡ. ಅಂಥವು ಹತ್ತಾರಿವೆ, ಎಲ್ಲದರ ಗುಣವೂ ಒಂದೇ.

ಆ ಗುಣ ಏನೆಂದು ತಾಯಂದಿರು ತಿಳಿದಿರಬೇಕು. ಆಟ ಉಚಿತ. ಡೌನ್‌ಲೋಡ್ ಮಾಡಲು ಒಂದು ಪೈಸೆ ಬೇಡ. ಆದರೆ ಒಳಗೆ ಹೋದ ಮೇಲೆ ರೂಪಾಯಿ ಕಾಣಿಸುವುದಿಲ್ಲ, ಡೈಮಂಡ್ ಎಂದೋ ಕಾಯಿನ್ ಎಂದೋ ಬೇರೊಂದು ನಾಣ್ಯ ಕಾಣಿಸುತ್ತದೆ. ಬಟ್ಟೆಗೆ ಇಷ್ಟು ಡೈಮಂಡ್, ಬಂದೂಕಿನ ಬಣ್ಣಕ್ಕೆ ಇಷ್ಟು ಡೈಮಂಡ್. ಮಗು ಖರ್ಚು ಮಾಡುವುದು ಡೈಮಂಡನ್ನು, ಹೋಗುವುದು ಅಪ್ಪನ ರೂಪಾಯಿ. ಡೈಮಂಡ್ ಮಾರುವ ಪೊಟ್ಟಣಗಳೂ ಬೇಕಾದಷ್ಟಕ್ಕೇ ಸಿಗುವುದಿಲ್ಲ, ಒಂದಿಷ್ಟು ಉಳಿಯುತ್ತದೆ ಅಥವಾ ಒಂದಿಷ್ಟು ಕಡಿಮೆ ಬೀಳುತ್ತದೆ. 'ಇನ್ನು ಎರಡು ಗಂಟೆ ಮಾತ್ರ' ಎಂದು ಗಡಿಯಾರ ಓಡುತ್ತಿರುತ್ತದೆ. ಇನ್ನು ಕೆಲವು ಆಟಗಳಲ್ಲಿ ಮುಚ್ಚಿದ ಪೆಟ್ಟಿಗೆಯನ್ನೇ ಮಾರುತ್ತಾರೆ. ದುಡ್ಡು ಕೊಟ್ಟು ತೆರೆದ ಮೇಲೆಯೇ ಒಳಗೇನಿದೆ ಎಂದು ತಿಳಿಯುವುದು. ಜಾತ್ರೆಯಲ್ಲಿ ಚೀಟಿ ಎತ್ತಿಸುವವನಿಗೂ ಇದಕ್ಕೂ ಏನು ವ್ಯತ್ಯಾಸ? ಬೆಲ್ಜಿಯಂ ದೇಶ 2018ರಲ್ಲಿಯೇ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜಿನ ಸಾಲಿಗೆ ಸೇರಿಸಿತು.

ಮರುದಿನ ಹುಡುಗನನ್ನು ಒಬ್ಬನನ್ನೇ ಕೂರಿಸಿ ಕೇಳಿದೆ, ಏಕಪ್ಪಾ ಬೇಕಿತ್ತು ಆ ಬಟ್ಟೆ? ತಲೆ ತಗ್ಗಿಸಿ ಹೇಳಿದ: 'ಏನೂ ಹಾಕದೆ ಆಡಿದರೆ ಎಲ್ಲರೂ ಬಾಟ್ ಅಂತಾರೆ. ಟೀಮಿಗೆ ಸೇರಿಸಿಕೊಳ್ಳುವುದಿಲ್ಲ.' ಈದ್‌ಗೆ ಹಳೆಯ ಬಟ್ಟೆ ಹಾಕಿಕೊಂಡು ಹೊರಗೆ ಹೋಗಲು ನಾಚುವ ಮಗುವಿನ ಸಂಕಟವೇ ಇದು. ಅದನ್ನು ಆಟ ತಯಾರಿಸುವವರು ಚೆನ್ನಾಗಿ ಬಲ್ಲರು.

ನಮ್ಮ ಮಕ್ಕಳು ಮಾತ್ರ ಕೆಟ್ಟರು ಎಂದು ಯಾರಾದರೂ ಹೇಳಿದರೆ ಅಮೆರಿಕದ ಸುದ್ದಿ ಹೇಳಿ. ಫೋರ್ಟ್‌ನೈಟ್ ಎಂಬ ಆಟದ ಕಂಪನಿ ಎಪಿಕ್ ಗೇಮ್ಸ್, 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಂಡು 52 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 24.5 ಕೋಟಿ ಡಾಲರ್ ಆಟಗಾರರಿಗೆ ಹಿಂದಿರುಗಿಸಲು. ದೂರು ಏನೆಂದರೆ, ಬಟನ್‌ಗಳನ್ನು ಗೊಂದಲವಾಗುವಂತೆ ಇಟ್ಟು ಒಂದೇ ಒತ್ತಿಗೆ ಹಣ ಕೀಳುವುದು, ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳಿಂದ ಖರೀದಿ ಮಾಡಿಸುವುದು. ಉಳಿದ 27.5 ಕೋಟಿ ಡಾಲರ್ ಮಕ್ಕಳ ಖಾಸಗಿ ಮಾಹಿತಿಯ ಕಾನೂನು ಮುರಿದದ್ದಕ್ಕೆ ದಂಡ. ಅದಕ್ಕೂ ಎಂಟು ವರ್ಷ ಮೊದಲು, 2014ರಲ್ಲಿ, ಮಕ್ಕಳು ಹೆತ್ತವರಿಗೆ ತಿಳಿಯದೆ ಮಾಡಿದ ಖರೀದಿಗಳಿಗಾಗಿ ಆಪಲ್ ಕಂಪನಿಯೂ 3.25 ಕೋಟಿ ಡಾಲರ್‌ನಷ್ಟು ಹಿಂದಿರುಗಿಸಲು ಒಪ್ಪಿತ್ತು. ಇಂಗ್ಲಿಷ್ ಬಲ್ಲ ಅಮೆರಿಕದ ತಾಯಂದಿರೇ ಮೋಸಹೋದ ಮೇಲೆ ಶಿಡ್ಲಘಟ್ಟದ ಹದಿನಾಲ್ಕು ವರ್ಷದ ಹುಡುಗನನ್ನು ಹೊಡೆದು ಏನು ಪ್ರಯೋಜನ?

ಆದರೆ ಆ ಸ್ಟೇಟ್‌ಮೆಂಟಿನಲ್ಲಿ ಇನ್ನೂ ಕೆಲವು ಸಾಲುಗಳಿದ್ದವು. ಹುಡುಗನ ಪಾವತಿಗಳನ್ನು ಹುಡುಕುತ್ತಾ ನಾನು ಹಿಂದಿನ ಪುಟಗಳಿಗೆ ಹೋದೆ. 2025ರ ಮೇ, ಜೂನ್, ಜುಲೈ ತಿಂಗಳುಗಳಲ್ಲಿ ಐನೂರು, ಸಾವಿರ, ಎರಡು ಸಾವಿರ, ಒಮ್ಮೆ ಐದು ಸಾವಿರ. ಎಲ್ಲವೂ ಒಂದು ರಮ್ಮಿ ಆ್ಯಪ್‌ಗೆ. ಮನಸ್ಸಿನಲ್ಲೇ ಕೂಡಿಸಿದೆ, 38,000 ದಾಟಿತು. ಆಗ ಹುಡುಗನ ಕೈಗೆ ಪಿನ್ ಸಿಕ್ಕಿರಲಿಲ್ಲ. ಭಾಭಿಯ ಮುಖ ನೋಡಿದೆ. ಅವರಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ. ಏನೂ ಹೇಳಲಿಲ್ಲ, ಕಾಗದ ಮಡಚಿ ಎತ್ತಿಟ್ಟರು.

ಮಗನ ಆರು ಸಾವಿರಕ್ಕೆ ಮನೆಯೆಲ್ಲ ಗದ್ದಲವಾಯಿತು. ಅಪ್ಪನ ಮೂವತ್ತೆಂಟು ಸಾವಿರಕ್ಕೆ ಯಾರೂ ದನಿಯೆತ್ತಿರಲಿಲ್ಲ. ನಾನು ಈ ಅಂಕಣ ಬರೆಯಲು ಕುಳಿತದ್ದು ಇದಕ್ಕಾಗಿ.

ಜೂಜು ಹರಾಮ್ ಎಂಬುದು ನಮ್ಮ ಮನೆಯ ಚಿಕ್ಕ ಮಗುವಿಗೂ ಗೊತ್ತು. ಎಲೆ ಹಾಕಿ ಕೂತವರ ಹತ್ತಿರ ನಿಲ್ಲಬೇಡ ಎಂದು ಹೇಳಿ ಬೆಳೆಸಿದ ಮನೆಗಳು ನಮ್ಮವು. ಆದರೆ ಅದೇ ಎಲೆಯಾಟ ಮೊಬೈಲಿಗೆ ಬಂದು 'ಸ್ಕಿಲ್ ಗೇಮ್' ಎಂದು ಹೆಸರಿಟ್ಟುಕೊಂಡಾಗ ಅನೇಕರಿಗೆ ಅದು ಜೂಜು ಎನಿಸಲಿಲ್ಲ. ಈ 'ಸ್ಕಿಲ್' ಎಂಬ ಮಾತಿಗೆ ಹಳೆಯ ಆಧಾರವೊಂದಿದೆ. 1968ರಲ್ಲಿ ಆಂಧ್ರದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ರಮ್ಮಿಯಲ್ಲಿ ಅದೃಷ್ಟಕ್ಕಿಂತ ಜಾಣ್ಮೆಯ ಪಾಲು ಹೆಚ್ಚು ಎಂದಿತ್ತು. ಕ್ಲಬ್ಬಿನಲ್ಲಿ ಕೂತು ಆಡುವವರ ಬಗ್ಗೆ ಹೇಳಿದ ಮಾತು ಅದು. ಅರ್ಧ ಶತಮಾನದ ನಂತರ ಅದನ್ನೇ ಹಿಡಿದುಕೊಂಡು ಕಂಪನಿಗಳು ಜೇಬಿನೊಳಗೇ ಕ್ಲಬ್ಬು ತೆರೆದವು.

ನಮ್ಮ ಜಿಲ್ಲೆಯವರಿಗೆ ಇದರಲ್ಲೊಂದು ವಿಚಿತ್ರ ಅನುಭವವೂ ಇದೆ. ಗೌರಿಬಿದನೂರಿನಿಂದ ಗಡಿ ದಾಟಿದರೆ ಆಂಧ್ರದ ಹಿಂದೂಪುರ. ಚಿಂತಾಮಣಿಯಿಂದ ಆ ಕಡೆ ಹೋದರೆ ಮದನಪಲ್ಲಿ. ಆಂಧ್ರ ಸರ್ಕಾರ 2020ರಲ್ಲಿಯೇ ಹಣ ಹಾಕಿ ಆಡುವ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು. ಈ ಕಡೆ ಕರ್ನಾಟಕ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿತು. ಕಂಪನಿಗಳು ಹೈಕೋರ್ಟಿಗೆ ಹೋದವು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಮಾಡಿತು. ಹೀಗಾಗಿ ಹಿಂದೂಪುರದಲ್ಲಿ ಅಪರಾಧವಾದದ್ದು ಗೌರಿಬಿದನೂರಿನಲ್ಲಿ ವ್ಯಾಪಾರವಾಗಿ ಮೂರೂವರೆ ವರ್ಷ ನಡೆಯಿತು. ಮಧ್ಯೆ 2023ರ ಅಕ್ಟೋಬರ್ 1ರಿಂದ ಕೇಂದ್ರ ಸರ್ಕಾರ ಇಂಥ ಆಟಗಳಿಗೆ ಹಾಕುವ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಹಾಕಿತು. ತೆರಿಗೆ ಹಾಕಿದ್ದನ್ನು ನೋಡಿ 'ಸರ್ಕಾರವೇ ಒಪ್ಪಿದೆ' ಎಂದವರೂ ಉಂಟು!

ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಇಷ್ಟು ಬೇಗ ಕಾನೂನಾಗುವುದು ಅಪರೂಪ. ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ವಾದಕ್ಕೆ ಈ ಕಾಯ್ದೆಯಲ್ಲಿ ಜಾಗವಿಲ್ಲ. ಹಣ ಹಾಕಿ ಹಣ ಗೆಲ್ಲುವ ಆಸೆ ತೋರಿಸಿದರೆ ಸಾಕು, ನಿಷೇಧ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, ಐವತ್ತು ಲಕ್ಷ. ವರ್ಷಕ್ಕೆ ಸುಮಾರು 45 ಕೋಟಿ ಜನ ಇಂಥ ಆಟಗಳಲ್ಲಿ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆಂದು ಸರ್ಕಾರ ಅಂದಾಜು ಕೊಟ್ಟಿತ್ತು. ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಡ್ರೀಮ್ ಇಲೆವೆನ್ ಭಾರತ ಕ್ರಿಕೆಟ್ ತಂಡದ ಪ್ರಾಯೋಜಕತ್ವ ಬಿಟ್ಟಿತು, ಮುಂದಿನ ತಿಂಗಳ ಏಷ್ಯಾ ಕಪ್‌ನಲ್ಲಿ ಆಟಗಾರರ ಎದೆಯ ಮೇಲೆ ಪ್ರಾಯೋಜಕರ ಹೆಸರೇ ಇರಲಿಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್ ಸೇರಿ ಬೇರೆ ಬೇರೆ ಕಡೆ ಹಾಕಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೇ ತರಿಸಿಕೊಂಡಿತು.

ನನ್ನ ಅಭಿಪ್ರಾಯ ಕೇಳಿದರೆ, ಕಾಯ್ದೆ ಬಂದದ್ದು ಒಳ್ಳೆಯದಾಯಿತು, ತಡವಾಗಿ ಬಂತು. ಭಾಭಿಯ ಸ್ಟೇಟ್‌ಮೆಂಟಿನಲ್ಲಿಯೂ ಆಗಸ್ಟ್ ನಂತರ ರಮ್ಮಿಯ ಸಾಲು ಕಾಣಲಿಲ್ಲ. ಆದರೆ ಎರಡು ಮಾತು ಗಮನದಲ್ಲಿಡಿ. ಹಣ ಹಾಕಿ ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ, ಆಡಿಸಿದವರಿಗೆ ಮಾತ್ರ. ಆದ್ದರಿಂದ ಗಂಡನನ್ನೋ ಮಗನನ್ನೋ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆಂದು ಹೆದರಿ ಮುಚ್ಚಿಡಬೇಕಾಗಿಲ್ಲ. ಎರಡನೆಯದು, ಹುಡುಗನ ಡೈಮಂಡಿಗೆ ಈ ನಿಷೇಧ ತಾಗುವುದಿಲ್ಲ. ಅಲ್ಲಿ ಹಣ ಗೆಲ್ಲುವ ಮಾತಿಲ್ಲ, ಕೊಡುವುದೊಂದೇ! ಅದನ್ನು ಮನೆಯಲ್ಲೇ ನೋಡಿಕೊಳ್ಳಬೇಕು. ಹೊರದೇಶದಲ್ಲಿ ಕೂತು ಟೆಲಿಗ್ರಾಂ ಲಿಂಕಿನಲ್ಲಿ ಬೆಟ್ಟಿಂಗ್ ಆಡಿಸುವವರು ಬೇರೆ. ಅವರಿಗೆ ಯಾವ ಕಾಯ್ದೆಯ ಹೆದರಿಕೆಯೂ ಇಲ್ಲ.

ಆಟವನ್ನೇ ನಿಷೇಧಿಸಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಹೋಯಿತು. ತಾಯಂದಿರು ನಿಟ್ಟುಸಿರು ಬಿಟ್ಟರು. 2021ರ ಜುಲೈನಲ್ಲಿ ಅದೇ ಆಟ ಬ್ಯಾಟಲ್‌ಗ್ರೌಂಡ್ಸ್ ಎಂಬ ಹೆಸರಿನಲ್ಲಿ ಬಂತು, 2022ರಲ್ಲಿ ಮತ್ತೆ ಹೋಯಿತು, 2023ರಲ್ಲಿ ಮತ್ತೆ ಬಂತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋದರೆ ಫ್ರೀ ಫೈರ್ ಮ್ಯಾಕ್ಸ್ ಎಂಬ ಅದರ ತಮ್ಮ ಉಳಿದುಕೊಂಡ. ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಎಂಬ ನಿಯಮವನ್ನೂ ಬ್ಯಾಟಲ್‌ಗ್ರೌಂಡ್ಸ್ ಹಾಕಿತು. ಮೂರು ಗಂಟೆಯೇನು ಕಡಿಮೆಯೇ? ಚೀನಾದಲ್ಲಿ 2021ರಿಂದ ಮಕ್ಕಳಿಗೆ ಶುಕ್ರ, ಶನಿ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತು, ಒಂದೇ ಗಂಟೆ.

ಈಗ ಶಿಡ್ಲಘಟ್ಟದ ಮನೆಗೇ ಮರಳೋಣ. ಹುಡುಗನಿಗೆ ಪಿನ್ ಹೇಗೆ ಗೊತ್ತಾಯಿತು? ಕದ್ದು ನೋಡಿದ್ದಲ್ಲ. ಅಪ್ಪನೇ ಹೇಳಿಕೊಟ್ಟದ್ದು. ಕರೆಂಟ್ ಬಿಲ್ಲು ಕಟ್ಟಬೇಕು, ಗ್ಯಾಸ್ ಬುಕ್ ಮಾಡಬೇಕು, ಕೂಲಿಯವರ ಫೋನಿಗೆ ದುಡ್ಡು ಹಾಕಬೇಕು ಎಂದಾಗೆಲ್ಲ 'ಬಾ ಮಗನೇ, ಇದನ್ನು ಮಾಡಿಕೊಡು' ಎಂದು ಕರೆದದ್ದು ಅವನನ್ನೇ. ಮನೆಯ ಖಜಾನೆಯ ಬೀಗದ ಕೈ ಹದಿನಾಲ್ಕರ ಹುಡುಗನ ಕೈಯಲ್ಲಿ. ಮನೆಯೊಡತಿಯ ಕೈಯಲ್ಲಿ ಏನಿದೆ? ಅಕ್ಕಿ ಡಬ್ಬಿಯ ತಳದಲ್ಲಿಟ್ಟ ನಾಲ್ಕು ನೋಟು. ಮೊದಲೆಲ್ಲ ಗಂಡಸರು ದುಡ್ಡು ತಂದು ಬೀರುವಿನಲ್ಲಿಟ್ಟರೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ಹೆಂಗಸರಿಗೆ ಕಣ್ಣಳತೆಯಲ್ಲೇ ತಿಳಿಯುತ್ತಿತ್ತು. ದುಡ್ಡು ಫೋನಿನೊಳಗೆ ಹೋದ ಮೇಲೆ ಬೀರುವೇ ನಮ್ಮ ಕಣ್ಣಿಂದ ಮರೆಯಾಯಿತು.

ಆದ್ದರಿಂದ ಸಹೋದರಿಯರೇ, ಪಾವತಿ ಮಾಡುವುದನ್ನು ನೀವು ಕಲಿಯಿರಿ. ಕಷ್ಟವೇನಿಲ್ಲ, ನಾನು ಭಾಭಿಗೆ ಒಂದು ಮಧ್ಯಾಹ್ನದಲ್ಲಿ ಹೇಳಿಕೊಟ್ಟೆ. ಡೆಬಿಟ್ ಕಾರ್ಡ್ ಕೈಯಲ್ಲಿದ್ದರೆ ಯುಪಿಐ ಪಿನ್ ಬದಲಾಯಿಸಲು ಎರಡು ನಿಮಿಷ. ಆ್ಯಪ್‌ನಲ್ಲಿ 'ಹಿಸ್ಟರಿ' ಎಂಬ ಜಾಗವಿರುತ್ತದೆ, ಹಾಲಿನ ಲೆಕ್ಕ ನೋಡಿದಂತೆ ವಾರಕ್ಕೊಮ್ಮೆ ನೋಡಿ. 'ಆಟೋಪೇ' ಎಂಬ ಜಾಗ ತೆರೆದು, ತಿಂಗಳು ತಿಂಗಳು ತಾನಾಗಿ ಹಣ ಹೋಗುವ ಒಪ್ಪಿಗೆ ಯಾವುದಕ್ಕಾದರೂ ಕೊಟ್ಟಿದೆಯೇ ನೋಡಿ. ಯುಪಿಐ ಲೈಟ್ ಎಂಬುದು ಪಿನ್ ಕೇಳದೆಯೇ ಸಣ್ಣ ಮೊತ್ತ ಕಳುಹಿಸುವ ಸೌಲಭ್ಯ. 2024ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದರ ಮಿತಿಯನ್ನು ಒಂದು ಸಲಕ್ಕೆ 1,000 ರೂಪಾಯಿಗೆ ಏರಿಸಿದೆ. ಚಹಾ ಅಂಗಡಿಗೆ ಅನುಕೂಲ, ಮಕ್ಕಳ ಕೈಗೆ ಹೋಗುವ ಫೋನಿನಲ್ಲಿ ಬೇಡ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ಆ ಪಾಸ್‌ವರ್ಡ್ ಮಗನ ಹುಟ್ಟಿದ ದಿನಾಂಕ ಆಗದಿರಲಿ! ಪ್ಲೇ ಸ್ಟೋರ್‌ನಲ್ಲಿ ತಪ್ಪಿ ಖರೀದಿಯಾಗಿದ್ದರೆ 48 ಗಂಟೆಯೊಳಗೆ ಗೂಗಲ್‌ಗೆ ಹಣ ಹಿಂತಿರುಗಿಸಲು ಕೇಳಿಕೊಳ್ಳಬಹುದು. ಮೋಸದಿಂದ ಯಾರೋ ಹಣ ಎಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಗೌರಿಬಿದನೂರಿನ ಓದುಗರೊಬ್ಬರು ಕೇಳಿದ್ದರು, ಮಗ ಸದಾ ಗೇಮ್ ಆಡುತ್ತಾನೆ, ಮುಂದೆ ಸಾಫ್ಟ್‌ವೇರ್‌ಗೆ ಒಳ್ಳೆಯದಾಗುತ್ತದೆ ಎಂದು ಅವನ ಮಾಮು ಹೇಳುತ್ತಾರೆ, ನಿಜವೇ ಎಂದು. ಸಿನಿಮಾ ನೋಡಿದವರೆಲ್ಲ ನಿರ್ದೇಶಕರಾಗುತ್ತಾರೆಯೇ? ಆದರೆ ಮಾಮು ಹೇಳಿದ್ದರಲ್ಲಿ ಕಾಳಷ್ಟು ಸತ್ಯವಿದೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಆರಂಭಿಸಿದರು. ಆಗ ನಮ್ಮ ದೇಶದಲ್ಲಿ ಇಂಥದೊಂದು ಉದ್ಯೋಗವಿದೆ ಎಂದೇ ಜನರಿಗೆ ಗೊತ್ತಿರಲಿಲ್ಲ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಎಂಬ ಜಗತ್ಪ್ರಸಿದ್ಧ ಕಂಪನಿ ಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ಕರ್ನಾಟಕ 2012ರಲ್ಲಿಯೇ ಪ್ರತ್ಯೇಕ ನೀತಿ ತಂದಿತ್ತು. ಅಲ್ಲಿ ಕೆಲಸ ಸಿಗುವುದು ಚೆನ್ನಾಗಿ ಚಿತ್ರ ಬರೆಯುವವರಿಗೆ, ಕಥೆ ಕಟ್ಟುವವರಿಗೆ, ಗಣಿತ ಬಲ್ಲವರಿಗೆ. ಹುಡುಗನಿಗೆ ನಿಜವಾಗಿಯೂ ಆಸಕ್ತಿಯಿದ್ದರೆ ಶಾಲೆಯ ಕಂಪ್ಯೂಟರಿನಲ್ಲಿ ಸ್ಕ್ರ್ಯಾಚ್ ಕಲಿಯಲಿ. ಅಮೆರಿಕದ ಎಂಐಟಿ ಮಕ್ಕಳಿಗಾಗಿಯೇ ಮಾಡಿದ ಉಚಿತ ಸಾಧನ ಅದು, ಮಕ್ಕಳೇ ಆಟ ತಯಾರಿಸಬಹುದು. ಹೆಣ್ಣುಮಗಳಿಗೂ ಕಲಿಸಿ. ಅಂದಹಾಗೆ, ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಆಲಿಸುವ ವೀಕ್ಷಣಾಲಯ ನಿಮ್ಮ ಗೌರಿಬಿದನೂರಿನ ಪಕ್ಕದಲ್ಲೇ ಇದೆ. ಮಗನಿಗೆ ಅದರ ಬಗ್ಗೆ ಯಾರಾದರೂ ಹೇಳಿದ್ದಾರೆಯೇ?

ಆಟ ಬಿಡಿಸಿದರೆ ಊಟ ಬಿಡುವ, ನಿದ್ದೆಗೆಡುವ, ಕೈಗೆ ಸಿಕ್ಕಿದ್ದನ್ನು ಎಸೆಯುವ ಮಕ್ಕಳಿದ್ದಾರೆ. ಅದಕ್ಕೆ ಏಟು ಔಷಧವಲ್ಲ. ಗೇಮಿಂಗ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, 'ಶಟ್' ಎಂಬ ಚಿಕಿತ್ಸಾಲಯವನ್ನು ಇದಕ್ಕಾಗಿಯೇ ತೆರೆಯಿತು. ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆಗೆ ಬರಬಹುದು. ಹೋಗಲು ಮುಜುಗರವಾದರೆ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಬೇಡ. ಗಂಡಸರ ರಮ್ಮಿ ಚಟಕ್ಕೂ ಇದೇ ನಂಬರು. ಆದರೆ ಅವರನ್ನು ಕರೆದುಕೊಂಡು ಹೋಗುವುದು ಮಕ್ಕಳನ್ನು ಕರೆದುಕೊಂಡು ಹೋದಷ್ಟು ಸುಲಭವಲ್ಲ, ಬಲ್ಲೆ.

ಮದುವೆ ಮುಗಿಸಿ ಊರಿಗೆ ಬಂದ ಮೂರು ವಾರಕ್ಕೆ ಭಾಭಿ ಫೋನ್ ಮಾಡಿದ್ದರು. ಸ್ಟೇಟ್‌ಮೆಂಟನ್ನು ಗಂಡನ ಮುಂದೆ ಇಟ್ಟರಂತೆ. ಜಗಳವಾಡಲಿಲ್ಲ, ಬೆರಳಿಟ್ಟು ಒಂದೊಂದೇ ಸಾಲು ತೋರಿಸಿದರಂತೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, ಹೊರಗೆ ಹೋಗಿ, ಬರುವಾಗ ಮಗನಿಗೆ ಬಿರಿಯಾನಿ ಕಟ್ಟಿಸಿಕೊಂಡು ಬಂದರಂತೆ. ಈಗ ಗೂಡಿನ ದುಡ್ಡು ಬೇರೆ ಖಾತೆಯಲ್ಲಿದೆ, ಅದರ ಪಿನ್ ಗೊತ್ತಿರುವುದು ಗಂಡ ಹೆಂಡತಿ ಇಬ್ಬರಿಗೆ ಮಾತ್ರ. ಹುಡುಗ ಭಾನುವಾರ ಒಂದು ಗಂಟೆ ಆಡುತ್ತಾನೆ, ಡೈಮಂಡಿಲ್ಲದೆ. 'ಬಾಟ್ ಅಂತ ಈಗಲೂ ಅಂತಾರಂತೆ ಆಪಾ' ಎಂದು ಭಾಭಿ ನಕ್ಕರು. ಕರೆಂಟ್ ಬಿಲ್ಲನ್ನು ಈ ತಿಂಗಳು ಅವರೇ ಕಟ್ಟಿದ್ದಾರೆ.